ಐದು ತುಂಡು ಉಕ್ಕು, ಒಂದು ಹಾಳೆ

ಕೊಡ್ಲಿಯಿಂದ ಬಂದಿದ್ದ ಒಬ್ಬ ಫಿಟ್ಟರನ್ನು ಮೊದಲ ವರ್ಷ ನಾಪಾಸು ಮಾಡಿದವನು ನಾನೇ. ಇದರಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ನಾಪಾಸಿನ ಷರಾವನ್ನು ಮರುವರ್ಷ ನನ್ನದೇ ಅಕ್ಷರದಲ್ಲಿ ಓದಿದ್ದೇನೆ. ಉಳಿದದ್ದರಲ್ಲಿ ನಡೆದದ್ದು ಎಷ್ಟು, ಆಮೇಲೆ ನಾನು ಸರಿಮಾಡಿಕೊಂಡದ್ದು ಎಷ್ಟು ಎಂದು ಖಾತ್ರಿ ಕೊಡಲಾರೆ. ಕೊಡಬಲ್ಲವರೊಬ್ಬರು ನನ್ನ ನೆನಪನ್ನು ಒಂದು ಕಡೆ ತಿದ್ದಿದ್ದಾರೆ. ಅದನ್ನೂ ಹೇಳುತ್ತೇನೆ.

ಆಗ ನಾನು ಚಿತ್ತಾಪುರದಲ್ಲಿ ಒಂದು ಕೋಣೆ ಹಿಡಿದಿದ್ದೆ. ವಾಡಿಯ ಕಡೆಗಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಶಹಾಬಾದ್ ಸುತ್ತಲಿನ ಗಣಿಗಳಲ್ಲಿ ಕಲ್ಲು ಕೊಯ್ಯುವ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ, ಈಗ ಇಲ್ಲದ ಕಾರ್ಖಾನೆ. ನನ್ನದು ತಪಾಸಣೆ ವಿಭಾಗ: ಎರಡು ಮೇಜು, ಒಂದು ಕಪಾಟು, ನಾನು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದೆ. ಹಾಸ್ಟೆಲಿನಲ್ಲಿ ದೇವರನ್ನೂ ಜಾತಕವನ್ನೂ ಮೆಸ್ಸಿನ ಸಾರನ್ನೂ ಒಂದೇ ಸಮ ಅನುಮಾನಿಸುವವನೆಂದು ಹೆಸರಾಗಿದ್ದೆ. ರಾಜ್ಯದ ಹೆಸರು ಬದಲಾಗಿ ವರ್ಷವೋ ಎರಡು ವರ್ಷವೋ ಆಗಿತ್ತು. ಕಾರ್ಖಾನೆಯ ಅರ್ಜಿ ನಮೂನೆಗಳಲ್ಲಿ ಮಾತ್ರ ಇನ್ನೂ ‘ಮೈಸೂರು ರಾಜ್ಯ’ ಎಂದೇ ಅಚ್ಚಾಗಿತ್ತು. ಗುಮಾಸ್ತರು ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ‘ಕರ್ನಾಟಕ’ ಎಂದು ಕೈಯಿಂದ ಬರೆಯುತ್ತಿದ್ದರು. ಹಳೆಯ ಕಾಗದ ಮುಗಿಯುವವರೆಗೆ ಹೊಸದನ್ನು ಅಚ್ಚು ಹಾಕಿಸುವಂತಿರಲಿಲ್ಲ.

ವರ್ಷಕ್ಕೊಮ್ಮೆ, ದೀಪಾವಳಿ ಮುಗಿದ ಮೇಲೆ, ಫಿಟ್ಟರುಗಳ ಸಂದರ್ಶನ. ಮೊದಲು ನಾಲ್ಕು ಬಾಯಿಮಾತಿನ ಪ್ರಶ್ನೆ, ಆಮೇಲೆ ಅಳತೆಯ ಪರೀಕ್ಷೆ. ಒಂದು ಮರದ ಪೆಟ್ಟಿಗೆಯಲ್ಲಿ ಬೆರಳುದ್ದದ ಐದು ಉಕ್ಕಿನ ತುಂಡುಗಳಿದ್ದವು, ಒಂದೊಂದರ ಮೇಲೂ ನಂಬರು ಕೊರೆದಿತ್ತು. ಅಭ್ಯರ್ಥಿ ಮೈಕ್ರೋಮೀಟರಿನಲ್ಲಿ ಐದರ ದಪ್ಪವನ್ನೂ ಅಳೆದು ಹೇಳಬೇಕು. ತಿರುಪು ತಿರುಗಿಸಿ ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೂ ಅಳೆಯುವ ಸಾಧನ ಅದು. ನನ್ನ ಮೇಜಿನ ಗಾಜಿನ ಕೆಳಗೆ ಟೈಪು ಮಾಡಿದ ಒಂದು ಹಾಳೆ ಇತ್ತು. ಅದರಲ್ಲಿ ಸರಿಯುತ್ತರ: ಒಂದನೆಯದು ಹನ್ನೆರಡು ಮಿಲಿಮೀಟರು, ಎರಡನೆಯದು ಹದಿನೈದು ಕಾಲು, ಮೂರನೆಯದು ಹದಿನೆಂಟೂವರೆ, ಹೀಗೆ. ನೂರರಲ್ಲಿ ಎರಡು ಭಾಗ ಅತ್ತಿತ್ತ ಆದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ತಪ್ಪು. ನಾನು ಮಾಡಬೇಕಾದದ್ದು ಹಾಳೆ ನೋಡಿ ಗುರುತು ಹಾಕುವುದಷ್ಟೇ.

ಕೊಡ್ಲಿಯವರು ಆ ಮೊದಲ ವರ್ಷ ಬಂದದ್ದು ಕೊನೆಯಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಹೋಗದ ಗ್ರೀಸು. ಚಿಂಚೋಳಿ ಕಡೆಯ ಹೊಲಗಳಲ್ಲಿ ಪಂಪು ರಿಪೇರಿ ಮಾಡುತ್ತಿದ್ದರು, ಚಂದ್ರಂಪಳ್ಳಿ ಅಣೆಕಟ್ಟಿನ ತೂಬಿನ ಕೆಲಸಕ್ಕೂ ಕರೆಸುತ್ತಿದ್ದರಂತೆ. ಒಂದೊಂದು ತುಂಡನ್ನೂ ಮೊದಲು ಧೋತರದ ಚುಂಗಿನಿಂದ ಒರೆಸಿಕೊಂಡು, ಮೈಕ್ರೋಮೀಟರಿನ ಬಾಯಿಗೆ ಕೊಟ್ಟು, ಕಿವಿಯ ಹತ್ತಿರ ಹಿಡಿದು ತಿರುಪಿನ ಕಟಕಟ ಕೇಳಿ, ಆಮೇಲೆ ಬೆಳಕಿಗೆ ತಿರುಗಿಸಿ ಓದಿದರು. ಹನ್ನೊಂದು ತೊಂಬತ್ಮೂರು, ಅಂದರೆ ಹನ್ನೆರಡಕ್ಕೆ ನೂರರಲ್ಲಿ ಏಳು ಭಾಗ ಕಡಿಮೆ. ಹದಿನೈದು ಹತ್ತೊಂಬತ್ತು. ಹದಿನೆಂಟು ನಲವತ್ತೆರಡು. ಐದಕ್ಕೆ ಐದೂ ಹಾಳೆಗಿಂತ ಕಡಿಮೆ.

ನಮ್ಮ ವರ್ಕ್‌ಶಾಪಿನ ಇಂಜಿನಿಯರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ನನ್ನ ಕಡೆ ಬಾಗಿ, “ಝೀರೋ ನೋಡ್ಕೊಳ್ಳೋಕೆ ಬರಲ್ಲ ಈತನಿಗೆ. ಅದಕ್ಕೇ ಎಲ್ಲಾ ಒಂದೇ ಕಡೆಗೆ ತಪ್ಪು,” ಎಂದರು. ಮೈಕ್ರೋಮೀಟರಿನ ಬಾಯಿ ಪೂರಾ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ ಎಂದು ಮೊದಲು ನೋಡಿಕೊಳ್ಳುವುದು ಈ ಕೆಲಸದ ಮೊದಲ ಪಾಠ. ನಾನು ರಿಜಿಸ್ಟರಿನಲ್ಲಿ ಅವರು ಹೇಳಿದ ಐದು ಅಂಕಿ ಬರೆದು, ಪಕ್ಕದಲ್ಲಿ ‘ಅಳತೆ ಬರುವುದಿಲ್ಲ’ ಎಂದು ಷರಾ ಬರೆದೆ. ಅವರು ಎದ್ದು, “ಬರ್ತೀನ್ರಿ,” ಅಂದು ಹೋದರು. ಐದೂ ಅಳತೆ ಒಂದೇ ದಿಕ್ಕಿಗೆ ತಪ್ಪಿದಾಗ, ತಪ್ಪು ಅಳೆಯುವವನದೋ ಅಳೆಯುವ ವಸ್ತುವಿನದೋ ಎಂದು ಕೇಳಬೇಕಾಗಿದ್ದ ಒಬ್ಬನೇ ಒಬ್ಬ ಅಲ್ಲಿ ನಾನಿದ್ದೆ. ಆ ತುಂಡುಗಳನ್ನು ನಾನು ಒಮ್ಮೆಯೂ ಅಳೆದು ನೋಡಿರಲಿಲ್ಲ. ಹಾಳೆ ಟೈಪಾಗಿತ್ತು, ಗಾಜಿನ ಕೆಳಗಿತ್ತು.

ಮರುವರ್ಷ ಸಂದರ್ಶನಕ್ಕೆ ಎರಡು ದಿನ ಇದ್ದಾಗ ವಾಡಿ ಜಂಕ್ಷನ್ನಿನ ಹೊರಗಿನ ಚಹಾ ಹೋಟೆಲಿನಲ್ಲಿ ಪ್ಯಾಸೆಂಜರಿಗಾಗಿ ಕಾಯುತ್ತ ಕೂತಿದ್ದೆ. ಬೆನ್ನ ಹಿಂದಿನ ಬೆಂಚಿನಲ್ಲಿ ಮೂರು ಜನ ಒಬ್ಬರಿಗೊಬ್ಬರು ಮಗ್ಗಿಯಂತೆ ಅಂಕಿ ಒಪ್ಪಿಸುತ್ತಿದ್ದರು.

“ಮೂರು?”

“ಹದಿನೆಂಟೂವರಿ.”

“ನಾಕು?”

“ಇಪ್ಪತ್ತು… ಇಪ್ಪತ್ತು ಮುಕ್ಕಾಲು.”

“ಜಲ್ದಿ ಹೇಳಬ್ಯಾಡೋ ಮಾರಾಯಾ. ಸ್ವಲ್ಪ ತಿರುವಿದಂಗ ಮಾಡಿ, ಹುಬ್ಬು ಗಂಟ ಹಾಕಿ ಹೇಳು.”

ಗಲ್ಲೆಯ ಮೇಲೆ ಕೂತಿದ್ದ ಹೋಟೆಲಿನವರು ಅಲ್ಲಿಂದಲೇ ಕೂಗಿದರು: “ಐದನೇದು ನನಗೂ ಗೊತ್ತದರಿ, ಇಪ್ಪತ್ನಾಕು. ನನಗೂ ಒಂದು ನೌಕರಿ ಕೊಡಸ್ತೀರೇನು?” ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಕಳೆದ ವರ್ಷ ಸರಾಗವಾಗಿ ಸರಿಯುತ್ತರ ಹೇಳಿ ಪಾಸಾದವರೆಲ್ಲ ಇದೇ ಬೆಂಚಿನಲ್ಲಿ ಓದಿದವರು ಎಂದು ಹೊಳೆದು ಮೈ ಉರಿಯಿತು. ಆ ಸಿಟ್ಟಿನಲ್ಲಿ ಒಂದು ಸಂಗತಿ ಮರೆತಿದ್ದೆ: ನಾನು ಸೇರುವ ಮೊದಲು ಈ ಹುದ್ದೆಯಲ್ಲಿದ್ದವರು ನಮ್ಮ ಹಾಸ್ಟೆಲಿನ ಹಿರಿಯರು. ನನ್ನ ಸಂದರ್ಶನದಲ್ಲಿ ಇಂಜಿನಿಯರು ಕೇಳುವ ಆರು ಪ್ರಶ್ನೆಗಳನ್ನು ಅವರು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿದ್ದರು. ಆರರಲ್ಲಿ ಐದು ಬಂದಿದ್ದವು. ನಾನೂ ಸ್ವಲ್ಪ ಯೋಚಿಸಿದಂತೆ ಮಾಡಿಯೇ ಉತ್ತರ ಹೇಳಿದ್ದೆ. ಅದಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ತಯಾರಿ.

ಇವರಿಗೊಂದು ಬೋನು ಒಡ್ಡಬೇಕು ಎಂದುಕೊಂಡೆ. ಯಾವುದಾದರೂ ಎರಡು ತುಂಡಿನ ನಂಬರು ಅದಲುಬದಲು ಮಾಡಿದರೆ ಸಾಕು. ಸಂದರ್ಶನದ ಹಿಂದಿನ ದಿನ ಉಗ್ರಾಣಕ್ಕೆ ಹೋಗಿ ಪೆಟ್ಟಿಗೆ ಕೇಳಿದೆ.

ಉಗ್ರಾಣ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದರು. ಸೇಡಂನವರು, ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಉಗ್ರಾಣದಲ್ಲಿ ಪ್ರತಿ ಸ್ಪ್ಯಾನರೂ ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ನನ್ನ ಮುಂದಿಟ್ಟು, “ನೋಡ್ರಿ ಸಾಬ್, ಹೆಂಗ ಹೊಳೀಲಿಕತ್ತಾವ,” ಅಂದರು.

ತುಂಡುಗಳು ಕನ್ನಡಿಯಂತಿದ್ದವು. ಸೊನ್ನೆ ನೋಡಿಕೊಂಡು ಮೊದಲನೆಯದನ್ನು ಅಳೆದೆ: ಹನ್ನೊಂದು ತೊಂಬತ್ತೆರಡು. ಮೂರನೆಯದು: ಹದಿನೆಂಟು ನಲವತ್ತೊಂದು. ಮೈಕ್ರೋಮೀಟರು ಕೆಟ್ಟಿದೆಯೆಂದು ಬೇರೆಯದು ತಂದೆ. ಅದರಲ್ಲೂ ಅಷ್ಟೇ.

“ಇವನ್ನ ಯಾವಾಗ ಒರಸಿದ್ರಿ ಚಾಚಾ?”

“ಒರಸೂದಲ್ರಿ, ಉಜ್ಜೂದು. ಪ್ರತಿ ಖಂಡೇ ಪೂಜಾಕ್ಕ ಎಮರಿ ಕಾಗದ ಹಚ್ಚಿ ಉಜ್ತೀನಿ. ಪೆಟ್ಟಿಗಿ ಬಂದಾಗಿಂದ ಒಂದ ವರ್ಷ ತಪ್ಪಿಸಿಲ್ಲ.” ಅವರು ಮೂರನೆಯ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ನಾನು ಬಿಟ್ಟಿದ್ದ ಬೆರಳಚ್ಚು ಒರೆಸಿದರು. “ಪೂಜಾಕ್ಕ ಇಡೂ ಸಾಮಾನಿಗೆ ಜಂಗ, ತುಕ್ಕ ಇರಬಾರ್ದು. ನಿಮ್ಮ ದೇವ್ರು ನೋಡ್ತಾನೋ ಇಲ್ಲೋ, ನಾ ಅಂತೂ ನೋಡ್ತೀನಿ.”

ಖಂಡೇ ಪೂಜೆ ಎಂದರೆ ಆಯುಧ ಪೂಜೆ. ನವರಾತ್ರಿಯ ಆ ದಿನ ಕಾರ್ಖಾನೆಯ ಸುತ್ತಿಗೆ, ಅರ, ಲೇತು ಎಲ್ಲಕ್ಕೂ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಎಲ್ಲಕ್ಕಿಂತ ಮುಂದೆ, ಹಿತ್ತಾಳೆಯ ತಟ್ಟೆಯಲ್ಲಿ, ಈ ಐದು ತುಂಡು. ನಾನೂ ನೋಡಿದ್ದೆ. ಒಂದು ಸಲ ಎಮರಿ ಕಾಗದ ತಿಕ್ಕಿದರೆ ಉಕ್ಕು ಸವೆಯುವುದು ನೂರರಲ್ಲಿ ಒಂದು ಭಾಗ. ಏಳೆಂಟು ವರ್ಷದ ಭಕ್ತಿಯಲ್ಲಿ ತುಂಡುಗಳು ಅಷ್ಟಷ್ಟೇ ಸಣ್ಣಗಾಗಿದ್ದವು. ಹಾಳೆ ಮಾತ್ರ ಗಾಜಿನ ಕೆಳಗೆ ಹಾಗೆಯೇ ಇತ್ತು.

ಚಾಚಾನಿಗೆ ಏನೂ ಹೇಳದೆ ಹಿಂದಿನ ವರ್ಷದ ರಿಜಿಸ್ಟರು ತೆಗೆಸಿ ನೋಡಿದೆ. ಅಂದು ಹನ್ನೊಂದು ಜನ ಅಳೆದಿದ್ದರು. ಹತ್ತು ಜನರ ಉತ್ತರ ಹಾಳೆಯದೇ. ಒಬ್ಬರದು ಮಾತ್ರ ಈಗ ನಾನು ಅಳೆದದ್ದಕ್ಕೆ ಸರಿಯಾಗಿ ಒಂದು ಪೂಜೆಯಷ್ಟು ಹೆಚ್ಚು. ಅದರ ಪಕ್ಕದಲ್ಲಿ ನನ್ನ ಅಕ್ಷರ: ಅಳತೆ ಬರುವುದಿಲ್ಲ.

ಬೋನು ಒಡ್ಡುವ ಉತ್ಸಾಹ ಹೋಯಿತು. ಮರುದಿನ ಬೆಳಗ್ಗೆ ಅರ್ಜಿಗಳ ಕಂತೆಯಲ್ಲಿ ಕೊಡ್ಲಿಯವರ ಹೆಸರು ಮತ್ತೆ ಕಂಡಿತು. ಇಂಜಿನಿಯರು ಹುಟ್ಟಿದ ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, “ಮೂವತ್ತಾದ ಮೇಲೆ ತಗೊಳ್ಳೋ ಹಾಗಿಲ್ಲ. ಈತನಿಗೆ ಇದೇ ಕೊನೇ ಸಲ,” ಎಂದರು. ಈ ಸಲ ನಿಜವಾದ ಅಳತೆ ಹೇಳಲಿ, ಹಾಳೆಯ ಕಥೆಯನ್ನು ಇಂಜಿನಿಯರಿಗೆ ಹೇಳಿ ಅವರನ್ನು ಪಾಸು ಮಾಡಿಸುತ್ತೇನೆ ಎಂದು ನಾನು ಕಾದು ಕೂತೆ.

ಅದೇ ಬಿಳಿ ಅಂಗಿಯಲ್ಲಿ ಬಂದರು. ತುಂಡು ಒರೆಸಿಕೊಂಡರು. ಕಿವಿಯ ಹತ್ತಿರ ಹಿಡಿದರು. ಬೆಳಕಿಗೆ ತಿರುಗಿಸಿ ಓದಿದರು. ತುಟಿ ಅಲುಗಿದ್ದು ನನಗೆ ಕಂಡಿತು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: “ಹನ್ನೆರಡು.” ಎರಡನೆಯದು ಹದಿನೈದು ಕಾಲು. ಮೂರನೆಯದು ಹದಿನೆಂಟೂವರೆ. ಐದೂ ಮುಗಿದಾಗ ಇಂಜಿನಿಯರು ಸಂತೋಷದಿಂದ, “ಒಂದು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೀರಿ,” ಎಂದರು.

ಊಟದ ಹೊತ್ತಿಗೆ ಇಂಜಿನಿಯರ ಮುಂದೆ ಎಲ್ಲವನ್ನೂ ಹೇಳಿದೆ. ಎಮರಿ ಕಾಗದ ಯಾರದು ಎಂಬುದೊಂದನ್ನು ಬಿಟ್ಟೆ. ಅವರು ಮೊಸರನ್ನ ಕಲಸುವುದನ್ನು ನಿಲ್ಲಿಸಿದರು.

“ಅಂದರೆ ಇಷ್ಟು ವರ್ಷ ಸರಿಯಾಗಿ ಅಳೆದವರನ್ನ ಹೊರಗೆ ಕಳಿಸಿದೀವಿ ಅಂತೀಯ.”

“ಒಬ್ಬರನ್ನಂತೂ ಕಳಿಸಿದ್ದೇವೆ. ಉಳಿದವರ ಲೆಕ್ಕ ನನಗೆ ಗೊತ್ತಿಲ್ಲ.”

ಅವರು ಕೈ ತೊಳೆದುಕೊಂಡು ಬಂದು, “ಮಧ್ಯಾಹ್ನ ನಿನಗೆ ಸರಿ ಅನ್ನಿಸಿದ ಹಾಗೆ ಪರೀಕ್ಷೆ ಮಾಡು. ಆದರೆ ಸಹಿ ನಿಂದು,” ಎಂದರು.

ಕೊಡ್ಲಿಯವರನ್ನು ಒಬ್ಬರನ್ನೇ ತಪಾಸಣೆ ಕೋಣೆಗೆ ಕರೆಸಿದೆ. ಬಾಗಿಲಲ್ಲೇ ನಿಂತರು.

“ಕುಂದ್ರಿ. ಹೋದ ವರ್ಷ ಮೂರನೇ ತುಂಡು ಹದಿನೆಂಟು ನಲವತ್ತೆರಡು ಅಂದಿದ್ರಿ. ಈ ಸಲ ಹದಿನೆಂಟೂವರೆ ಅಂದ್ರಿ. ಒಂದು ವರ್ಷದಾಗ ಉಕ್ಕು ಬೆಳೀತೇನು?”

“ಉಕ್ಕು ಬೆಳಿಯೂದಿಲ್ರಿ,” ಅಂದರು. “ನನ್ನ ವಯಸ್ಸು ಬೆಳದದ.”

“ಇವತ್ತು ಖರೇ ಎಷ್ಟು ಬಂತು?”

“ನಲವತ್ತೊಂದ್ರಿ.”

“ಮತ್ತ ಐವತ್ತು ಯಾಕ ಅಂದ್ರಿ?”

“ಹೋದ ವರ್ಷ ನೀವು ಅಳತಿ ಕೇಳ್ಲಿಕತ್ತೀರಿ ಅಂತ ತಿಳಕೊಂಡಿದ್ದೆ. ಹೊರಗ ಹೋದ ಮ್ಯಾಲ ಮಂದಿ ಹೇಳಿದ್ರು, ಅವರು ಕೇಳೂದು ಹಾಳ್ಯಾಗ ಬರದದ್ದು ಅಂತ. ಹಾಳ್ಯಾಗಿಂದು ಕೇಳಿದ್ರ ಹಾಳ್ಯಾಗಿಂದೇ ಹೇಳಬೇಕಲ್ರಿ.”

ದನಿಯಲ್ಲಿ ಕೊಂಕಿರಲಿಲ್ಲ. ಗಡಿಯಾರದಲ್ಲಿ ಗಂಟೆ ಎಷ್ಟೆಂದು ಕೇಳಿದರೆ ಹೇಳಿದ ಹಾಗೆ ಹೇಳಿದರು. ಆಮೇಲೆ ತಾವಾಗಿಯೇ ಮುಂದುವರಿಸಿದರು.

“ನಾಪಾಸಾದ ಮ್ಯಾಲ ನನ್ನ ಕೈ ಮ್ಯಾಲ ನನಗೇ ಸಂಶೇ ಬಂತ್ರಿ. ಪಂಪಿನ ಬೇರಿಂಗ ಒಂದೊಂದನ್ನ ಮೂರ್ಮೂರು ಸಲ ಅಳೀತಿದ್ದೆ. ನಮ್ಮ ಮನ್ಯಾಕಿ ನಗತಿದ್ಲು, ರೊಟ್ಟಿನೂ ಅಳದು ತಿಂತೀರೇನು ಅಂತ. ಆರು ತಿಂಗಳಾದ ಮ್ಯಾಲ ಖಾತ್ರಿ ಆತು, ಕೈ ಸರಿ ಅದ. ಹಂಗಾದ್ರ ತಪ್ಪಿದ್ದು ಎಲ್ಲಿ? ಅದ ತಿಳೀಲಿಲ್ಲ. ಈ ಸಲ ತಪ್ಪೂದು ಬ್ಯಾಡ ಅಂತ ಐದೂ ಬಾಯಿಪಾಠ ಮಾಡಿದೆ. ಅಳಿಯೂದು ಬ್ಯಾಡಾಗಿತ್ತು. ಆದ್ರೂ ಕೈ ಕೇಳಲಿಲ್ಲ, ಅಳದೆ.”

ಪರೀಕ್ಷೆಯಲ್ಲಿ ಮೋಸ ಮಾಡುವವರು ಓದದವರು, ಕೈಲಾಗದವರು ಎಂದು ಅಲ್ಲಿಯವರೆಗೆ ನಾನು ನಂಬಿದ್ದೆ. ಅನುಮಾನಿಸಲು ತೋಚದೇ ಇದ್ದ ನಂಬಿಕೆಗಳಲ್ಲಿ ಅದೂ ಒಂದು.

ನನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಡುತ್ತಿದ್ದ ಶಹಾಬಾದ್ ಕಲ್ಲಿನ ಒಂದು ಚೂರಿತ್ತು, ಅಂಗೈಯಗಲ, ಎರಡೂ ಬದಿ ಪಾಲಿಶು ಮಾಡಿದ್ದು. ಅದನ್ನು ಅವರ ಮುಂದೆ ಇಟ್ಟೆ.

“ಇದರ ದಪ್ಪ ಹೇಳ್ರಿ.”

ಅವರು ಕಲ್ಲು ನೋಡಿದರು, ನನ್ನನ್ನು ನೋಡಿದರು, ಮೇಜಿನ ಗಾಜನ್ನು ನೋಡಿದರು. “ಇದರದು ಹಾಳ್ಯಾಗ ಎಷ್ಟದ್ರಿ?”

“ಹಾಳ್ಯಾಗ ಇಲ್ಲ. ನನಗೂ ಗೊತ್ತಿಲ್ಲ.”

ಅದನ್ನು ನಂಬಲು ಅವರಿಗೆ ಕಷ್ಟವಾಯಿತು. ಕೇಳುವವನಿಗೇ ಉತ್ತರ ಗೊತ್ತಿಲ್ಲದ ಸಂದರ್ಶನವನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಕೊನೆಗೆ ಕಲ್ಲನ್ನು ಒರೆಸಿ, ಮೈಕ್ರೋಮೀಟರಿಗೆ ಕೊಟ್ಟು, ಓದಿ, ತೆಗೆದು ಇನ್ನೊಂದು ಮೂಲೆಯಲ್ಲಿ ಅಳೆದರು. ಆಮೇಲೆ ಮತ್ತೊಂದು ಕಡೆ.

“ಎಲ್ಲಿದು ಹೇಳ್ಲಿರಿ? ಒಂದೊಂದು ಕಡೆ ಒಂದೊಂದು ಅದ.”

“ಮೂರೂ ಹೇಳ್ರಿ.”

ಮೂರೂ ಹೇಳಿದರು. ನಾನು ಬರೆದುಕೊಂಡು, ಅವರ ಕೈಯಿಂದ ತೆಗೆದುಕೊಂಡು ಅವೇ ಮೂರು ಜಾಗದಲ್ಲಿ ಅಳೆದೆ. ಎರಡು ಕಡೆ ನನಗೂ ಅಷ್ಟೇ ಬಂತು. ಮೂರನೆಯದರಲ್ಲಿ ಇಬ್ಬರ ನಡುವೆ ನಾಲ್ಕು ಭಾಗ ವ್ಯತ್ಯಾಸ.

“ಸಾಹೇಬ್ರ, ನೀವು ಒತ್ತಲಿಕತ್ತೀರಿ,” ಅಂದರು ಮೆಲ್ಲಗೆ. “ಬೆರಳು ಸಡಿಲ ಬಿಡ್ರಿ. ಕಟ್ ಅಂದ ಕೂಡ್ಲೇ ನಿಲ್ಲಸ್ರಿ.”

ಬೆರಳು ಸಡಿಲ ಬಿಟ್ಟೆ. ಅವರು ಹೇಳಿದ್ದೇ ಬಂತು.

ಅದೇ ಮಧ್ಯಾಹ್ನ ಹಾಳೆಯ ಉತ್ತರ ಒಪ್ಪಿಸಿದ್ದ ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಕರೆದು ಹೀಗೆಯೇ ಕೇಳಿದ ನೆನಪು. ಅವರಲ್ಲಿ ನಾಲ್ಕು ಜನಕ್ಕೆ ಅಳತೆ ಚೆನ್ನಾಗಿಯೇ ಬರುತ್ತಿತ್ತು. ಚಹಾ ಹೋಟೆಲಿನಲ್ಲಿ ‘ಹುಬ್ಬು ಗಂಟ ಹಾಕು’ ಎಂದು ಕಲಿಸುತ್ತಿದ್ದವರೂ ಆ ನಾಲ್ವರಲ್ಲಿದ್ದರು. ಕೊಡ್ಲಿಯವರ ಹೆಸರಿನ ಮುಂದೆ ‘ಅಳತೆ ಬರುತ್ತದೆ’ ಎಂದು ಬರೆದು ಸಹಿ ಹಾಕಿದೆ. ಹಿಂದಿನ ವರ್ಷದ ಷರಾವನ್ನೂ ಒಂದು ಗೆರೆ ಎಳೆದು ಹೊಡೆದೆ, ಗುಮಾಸ್ತರು ರಾಜ್ಯದ ಹೆಸರಿಗೆ ಮಾಡುತ್ತಿದ್ದ ಹಾಗೆ. ಅವರಿಗೆ ಸಂಕ್ರಾಂತಿಯ ಹೊತ್ತಿಗೆ ನೌಕರಿಯ ಆರ್ಡರು ಹೋಯಿತು. ಸೇರಲು ಬಂದ ದಿನ ನನ್ನ ಮೇಜಿನ ಮೇಲೆ ಒಂದು ಬುತ್ತಿಗಂಟು ಇಟ್ಟರು. ಸಜ್ಜೆಯ ರೊಟ್ಟಿ, ಎಳ್ಳು ಹಚ್ಚಿದ್ದು. “ಮನ್ಯಾಕಿ ಕಳಸ್ಯಾಳ. ಅಳದು ತಿನ್ರಿ ಅಂದಾಳ.”

ಈಗ ಅವರು ತಿದ್ದಿದ ಸಂಗತಿ. ಎಷ್ಟೋ ವರ್ಷಗಳ ಮೇಲೆ, ನಾನು ಆ ಕಾರ್ಖಾನೆ ಬಿಟ್ಟು ಹೊರಟಾಗ, ಬೀಳ್ಕೊಡುವ ಚಹಾದ ಹೊತ್ತಿನಲ್ಲಿ ಈ ಕಲ್ಲಿನ ಕಥೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟು, “ಕಲ್ಲಲ್ರಿ. ನಿಮ್ಮ ಪೆನ್ನಿನ ಟೊಪ್ಪಿಗಿ,” ಅಂದರು. “ಕಲ್ಲಿಗೆ ಯಾರರೆ ಮೈಕ್ರೋಮೀಟರ ಹಚ್ತಾರೇನ್ರಿ?” ನಾನು ಕಲ್ಲೇ ಎಂದೆ. ಮೂರು ಕಡೆ ಮೂರು ಅಳತೆ ಬಂದಿತ್ತಲ್ಲ ಎಂದು ಸಾಕ್ಷಿ ಕೊಟ್ಟೆ. “ಟೊಪ್ಪಿಗಿ ತುದಿಗೆ ಹೋಗ್ತಾ ಸಣ್ಣ ಆಗಿರ್ತದಲ್ರಿ, ಅದಕ್ಕೂ ಮೂರು ಬರ್ತಾವ.” ಆಮೇಲೆ ಇನ್ನೊಂದು: “ಅವತ್ತು ಕರಸಿದ್ದು ನನ್ನೊಬ್ಬನ್ನೇ. ಬ್ಯಾರೆ ಯಾರ್ನೂ ಕರಸಲಿಲ್ಲ ನೀವು.”

ಯೋಚಿಸಿದರೆ ಅವರದೇ ಸರಿ ಇರಬೇಕು. ಕಲ್ಲು ಕಥೆಗೆ ಚೆಂದ. ಎಲ್ಲರನ್ನೂ ಕರೆದು ನ್ಯಾಯವಾಗಿ ಕೇಳಿದೆ ಎನ್ನುವುದು ನನಗೆ ಚೆಂದ. ಹಾಗಾದರೆ ಆ ನಾಲ್ಕು ಜನಕ್ಕೆ ಅಳತೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಹೇಗೆ? ಬಹುಶಃ ಅವರು ಸೇರಿದ ಮೇಲೆ, ಕೆಲಸ ಮಾಡುವುದನ್ನು ನೋಡಿ. ಒಬ್ಬರಿಗಾಗಿ ಮಾಡಿದ್ದನ್ನು ಎಲ್ಲರಿಗೂ ಮಾಡಿದೆ ಎಂದು ನನ್ನ ನೆನಪು ಹಾಳೆಯ ಉತ್ತರ ಒಪ್ಪಿಸುತ್ತಿದೆಯೋ ಏನೋ. ಅಳತೆಯ ಮಾತಿನಲ್ಲಿ ಅವರಿಗೂ ನನಗೂ ವ್ಯತ್ಯಾಸ ಬಂದಾಗ ಯಾರ ಬೆರಳು ಒತ್ತುತ್ತಿರುತ್ತದೆ ಎನ್ನುವುದು ನನಗೆ ಗೊತ್ತಿದೆ.

ಆದರೆ ಮುಂದಿನ ಖಂಡೇ ಪೂಜೆಯ ವಿಷಯದಲ್ಲಿ ನಮ್ಮಿಬ್ಬರ ನೆನಪೂ ಒಂದೇ. ಪೂಜೆಗೆ ಮೂರು ದಿನ ಮೊದಲು ಕೊಡ್ಲಿಯವರಿಗೆ ಎಮರಿ ಕಾಗದದ ಗುಟ್ಟು ಹೇಳಿದೆ. ಅವರ ಒಂದು ವರ್ಷ ಹೋದದ್ದು, ಕೈಯ ಮೇಲೆ ಅನುಮಾನ ಬಂದದ್ದು, ಎಲ್ಲಾ ಆ ಉಜ್ಜಾಟದಿಂದ ಎಂದೆ. ಚಾಚಾನಿಗೆ ತಿಳಿಸಿ ಉಜ್ಜುವುದನ್ನು ನಿಲ್ಲಿಸೋಣ ಎಂದೆ.

ಅವರು ತಕ್ಷಣ, “ಬ್ಯಾಡ್ರಿ,” ಅಂದರು. “ಆ ಮನುಷ್ಯಾ ಮುಂದಿನ ವರ್ಷ ಮನೀಗಿ ಹೋಗ್ತಾನ. ಮಂದಿ ನೌಕರಿ ನನ್ನಿಂದ ಹೋತು ಅಂತ ತಿಳಕೊಂಡು ಹೋಗಬೇಕೇನು? ಉಜ್ಜಲಿ. ಉಜ್ಜಿದ ಮ್ಯಾಲ ನಾವು ಅಳದು ಹೊಸಾ ಹಾಳಿ ಬರಿಯೂಣು.”

ಹಾಗೆಯೇ ಆಯಿತು. ಪೂಜೆಯ ಹಿಂದಿನ ಮಧ್ಯಾಹ್ನ ಉಗ್ರಾಣದ ಕಟ್ಟೆಯ ಮೇಲೆ ಮೂವರು ಕೂತೆವು. ಚಾಚಾ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಂದೊಂದೇ ತುಂಡನ್ನು ಕೊಡ್ಲಿಯವರ ಕೈಗೆ ಕೊಟ್ಟರು. ಅವರು ಕಿವಿಯ ಹತ್ತಿರ ಹಿಡಿದು, ಅಳೆದು ಹೇಳಿದರು. ನಾನು ಬರೆದೆ. ಗಾಜಿನ ಕೆಳಗಿನ ಹಳೆಯ ಹಾಳೆ ತೆಗೆದು ಹೊಸದನ್ನು ಇಟ್ಟೆ. ಈಗ ಹೊಸದಾಗಿ ಯಾಕೆ ಅಳೆಯಬೇಕು ಎಂದು ಚಾಚಾ ಕೇಳಿದಾಗ ಕೊಡ್ಲಿಯವರು, “ಚಳಿಗೆ ಉಕ್ಕು ಸಣ್ಣ ಆಗ್ತದ ಚಾಚಾ,” ಎಂದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ತಲೆ ತಗ್ಗಿಸಿ ತಾರೀಖು ಬರೆದೆ.

ದೀಪಾವಳಿ ಕಳೆದು ಸಂದರ್ಶನದ ವಾರ ಬಂತು. ವಾಡಿಯ ಅದೇ ಹೋಟೆಲಿನಲ್ಲಿ ಬೆನ್ನ ಹಿಂದೆ ಅದೇ ರಾಗ: “ಮೂರು?” “ಹದಿನೆಂಟು ನಲವತ್ತು.” ಹೊಸ ಹಾಳೆಯ ಅಂಕಿ.

ನನ್ನನ್ನೂ ಕೊಡ್ಲಿಯವರನ್ನೂ ಬಿಟ್ಟರೆ ಅದು ಗೊತ್ತಿದ್ದದ್ದು ಒಬ್ಬರಿಗೇ. ನೆಟ್ಟಗೆ ಉಗ್ರಾಣಕ್ಕೆ ಹೋದೆ.

“ಚಾಚಾ, ಹೊರಗ ಅಂಕಿ ಹೇಳೋರು ನೀವೇ ಏನು?”

ಅವರು ಅಳುಕಲಿಲ್ಲ. “ಮೊದಲಿಂದ ನಾನೇ ಹೇಳ್ತೀನಿ. ಸೇಡಂದಿಂದ, ಚಿಂಚೋಳಿಯಿಂದ, ದಂಡೋತಿಯಿಂದ ನಸೀಬ ಹುಡುಕ್ಕೊಂಡು ಬಂದಿರ್ತಾರ. ಗೇಟಿಗೆ ನಿಂತು ಕೇಳ್ತಾರ. ಖಾಲಿ ಕೈಲೆ ಹೆಂಗ ಕಳಸೂದು ಸಾಬ್?” ಎಣ್ಣೆಬಟ್ಟೆ ಮಡಿಸುತ್ತ, “ಈಗಂತೂ ಖರೇ ಅಂಕಿನೇ ಹೇಳ್ಲಿಕತ್ತೀನಲ್ಲ,” ಅಂದರು.

ಹೊರಗೆ ಬಂದೆ. ಲೇತಿನ ಪಕ್ಕದ ಕಸದಲ್ಲಿ ತುಂಡಾದ ಬೋಲ್ಟೊಂದು ಬಿದ್ದಿತ್ತು. ಎತ್ತಿ ಜೇಬಿಗೆ ಹಾಕಿಕೊಂಡೆ, ಅಳೆಯಲಿಲ್ಲ. ಮರುದಿನ ಸಂದರ್ಶನಕ್ಕೆ ಮೊದಲು ಬಂದವರು ಸೇಡಂ ಕಡೆಯ ಒಬ್ಬ ಫಿಟ್ಟರು. ಐದೂ ತುಂಡು ಮುಗಿಸಿ, ಹುಬ್ಬು ಗಂಟು ಹಾಕಿ, ಐದೂ ಸರಿ ಹೇಳಿದರು. ನಾನು ಬೋಲ್ಟು ತೆಗೆದು ಮುಂದಿಟ್ಟೆ.

“ಇದರದು ಎಷ್ಟದ್ರಿ?” ಎಂದು ಅವರೇ ನನ್ನನ್ನು ಕೇಳಿದರು.

“ಗೊತ್ತಿಲ್ಲ. ಮೊದಲು ನೀವು ಹೇಳ್ರಿ. ಆಮ್ಯಾಲ ನಾನೂ ನೋಡ್ತೀನಿ.”

ಅವರು ಅನುಮಾನದಿಂದ ನನ್ನನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಬೋಲ್ಟಿನ ಮೇಲಿನ ಎಣ್ಣೆಯನ್ನು ಅಂಗಿಯ ತೋಳಿನಿಂದ ಒರೆಸತೊಡಗಿದರು.